ಅಜ್ಜಿಯ ಬೆಂಚು

ಚಿತೆಗೂ ಚಿಂತೆಗೂ ಇರುವುದು ಒಂದು ಸೊನ್ನೆಯ ಅಂತರ ಮಾತ್ರ ಎಂದು ಹಿರಿಯರು ಹೇಳುವುದುಂಟು. ಚಿತೆ ಜೀವ ಹೋದ ಮೇಲೆ ದೇಹವನ್ನು ಸುಡುತ್ತದೆ. ಚಿಂತೆಯಾದರೋ ಜೀವ ಇರುವಾಗಲೇ ಮನುಷ್ಯನನ್ನು ಸುಡತೊಡಗುತ್ತದೆ. ಹೊತ್ತು ಹೊತ್ತಿಗೆ ಉಂಡು, ಕಚೇರಿಗೆ ಹೋಗಿ ಬಂದು, ಮನೆಗೆ ಬಂದವರೊಡನೆ ನಗುನಗುತ್ತ ಮಾತನಾಡಿದವನೇ ರಾತ್ರಿ ದೀಪ ಆರಿದ ಮೇಲೆ ಸೂರನ್ನು ದಿಟ್ಟಿಸುತ್ತ ಮಲಗಿರುವುದನ್ನು ಬಲ್ಲವರಾರು? "ಪಾಪ, ಅವಳು ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಎಂದು ಮನೆಯವರು ಪಿಸುಗುಟ್ಟುತ್ತಾರೆ. "ಕಾಲ ಎಲ್ಲವನ್ನೂ ಮರೆಸುತ್ತದೆ" ಎಂದು ನೆರೆಹೊರೆಯವರು ಸಮಾಧಾನ ಹೇಳುತ್ತಾರೆ. ಮಗುವಿಗೆ ಎರಡು ದಿನ ಜ್ವರ ಬಂದರೆ ಡಾಕ್ಟರ ಬಳಿಗೆ ಓಡುವ ಮನೆಯೇ, ಮನಸ್ಸಿನ ಬೇಗೆಗೆ ಮದ್ದು ಕೇಳಲು ತಿಂಗಳುಗಟ್ಟಲೆ ಹಿಂಜರಿಯುತ್ತದೆ.

ಈ ಹಿಂಜರಿಕೆ ಒಂದು ನಾಡಿಗೆ ಮೀಸಲಾದುದಲ್ಲ. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಜಿಂಬಾಬ್ವೆ ದೇಶದ ಬಹುಸಂಖ್ಯಾತ ಜನರು ಆಡುವ ಶೋನ ಭಾಷೆಯಲ್ಲಿ 'ಕುಫುಂಗಿಸಿಸ' ಎಂಬ ಒಂದು ಮಾತಿದೆ. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. 'ಮನಸ್ಸಿಗೆ ಹಚ್ಚಿಕೊಳ್ಳುವುದು' ಎಂದು ಕನ್ನಡಿಗರು ಹೇಳುವುದಕ್ಕೂ ಅದಕ್ಕೂ ಬಹಳ ದೂರವಿಲ್ಲ. ವೈದ್ಯರು ಯಾವುದನ್ನು ಖಿನ್ನತೆ ಎನ್ನುತ್ತಾರೋ, ಯಾವುದನ್ನು ಉದ್ವೇಗದ ಬೇನೆ ಎನ್ನುತ್ತಾರೋ, ಅದನ್ನು ಅಲ್ಲಿಯ ಜನ ಈ ಒಂದೇ ಮಾತಿನಿಂದ ಕರೆಯುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯಲ್ಲಿಯೂ ಈ ಶೋನ ಪದಕ್ಕೆ ಸ್ಥಾನ ದೊರೆತಿದೆ.

ಈ ಕುಫುಂಗಿಸಿಸಕ್ಕೆ ಅದೇ ದೇಶದ ಅಜ್ಜಿಯರು ಒಂದು ಮರದ ಬೆಂಚಿನ ಮೇಲೆ ಕುಳಿತು ಮಾಡುತ್ತಿರುವ ಚಿಕಿತ್ಸೆಯು ಮನಶ್ಶಾಸ್ತ್ರದ ಈಚಿನ ಸಂಶೋಧನೆಗಳಲ್ಲಿ ಅತ್ಯಂತ ಸ್ವಾರಸ್ಯವಾದವುಗಳಲ್ಲಿ ಒಂದು.

ಬಸ್ಸಿನ ಛಾರ್ಜು

೨೦೦೫ರಲ್ಲಿ ಜಿಂಬಾಬ್ವೆಯ ಸರ್ಕಾರವು ನಗರಗಳಲ್ಲಿ ಅನುಮತಿಯಿಲ್ಲದೆ ಕಟ್ಟಿದ ಮನೆಗಳನ್ನೂ ಅಂಗಡಿಗಳನ್ನೂ ಕೆಡವಿಸಿತು. ಈ ಕಾರ್ಯಾಚರಣೆಗೆ ಶೋನ ಭಾಷೆಯಲ್ಲಿ 'ಮುರಂಬಾತ್ಸ್ವಿನ' ಎಂಬ ಹೆಸರು. ಕಸವನ್ನು ಹೊರಹಾಕುವುದು ಎಂದು ಅರ್ಥ. ಸುಮಾರು ೭ ಲಕ್ಷ ಮಂದಿ ಮನೆಯನ್ನೋ, ಜೀವನೋಪಾಯವನ್ನೋ, ಅಥವಾ ಎರಡನ್ನೂ ಕಳೆದುಕೊಂಡರೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಅದಾಗಲೇ ಏಡ್ಸ್ ಪಿಡುಗಿನಿಂದ ಬಹುಪಾಲು ಕುಟುಂಬಗಳು ಒಂದಲ್ಲ ಒಂದು ಸಾವನ್ನು ಕಂಡಿದ್ದುವು. ಮನಸ್ಸು ಕೆಡಲು ಬೇಕಾದ ಕಾರಣಗಳೆಲ್ಲ ಇದ್ದುವು. ಮನಸ್ಸಿಗೆ ಮದ್ದು ಕೊಡುವವರು ಮಾತ್ರ ಇರಲಿಲ್ಲ. ಒಂದು ಕೋಟಿಗೂ ಮಿಕ್ಕಿದ ಜನಸಂಖ್ಯೆಯ ಆ ದೇಶದಲ್ಲಿದ್ದ ಮನೋವೈದ್ಯರನ್ನು ಕೈಬೆರಳುಗಳಲ್ಲಿ ಎಣಿಸಿ ಮುಗಿಸಬಹುದಾಗಿತ್ತು.

ಅವರಲ್ಲಿ ಡಿಕ್ಸನ್ ಚಿಬಂಡ ಎಂಬ ವೈದ್ಯರೂ ಒಬ್ಬರು. ಅವರು ಚಿಕಿತ್ಸೆ ಮಾಡುತ್ತಿದ್ದ ೨೬ ವರ್ಷದ ತರುಣಿಯೊಬ್ಬಳು ಒಮ್ಮೆ ಜೀವ ಕಳೆದುಕೊಳ್ಳಲು ಯತ್ನಿಸಿ ದೂರದೂರಿನ ಆಸ್ಪತ್ರೆ ಸೇರಿದಳು. ಅಲ್ಲಿಂದ ಬಿಡುಗಡೆಯಾದ ಕೂಡಲೆ ತಾಯಿಯೊಡನೆ ಹರಾರೆ ನಗರಕ್ಕೆ ಬಂದು ವೈದ್ಯರನ್ನು ಕಾಣುವುದೆಂದು ಮಾತಾಯಿತು. ಮೂರು ವಾರ ಕಳೆದ ಮೇಲೆ ವೈದ್ಯರಿಗೆ ತಾಯಿಯಿಂದ ಟೆಲಿಫೋನು ಕರೆ ಬಂತು. ಮಗಳು ತಾನೇ ಪ್ರಾಣ ಕಳೆದುಕೊಂಡಿದ್ದಳು. ಏಕೆ ಬರಲಿಲ್ಲವೆಂದು ವೈದ್ಯರು ಕೇಳಿದರು. ಬಸ್ಸಿನ ಛಾರ್ಜಿಗೆ ಬೇಕಾದ ೧೫ ಡಾಲರು ಇರಲಿಲ್ಲವೆಂದು ತಾಯಿ ಉತ್ತರವಿತ್ತಳು.

ಔಷಧಿಯಿತ್ತು, ವೈದ್ಯರಿದ್ದರು, ಆಸ್ಪತ್ರೆಯಿತ್ತು; ಆದರೆ ರೋಗಿಗೂ ಅವುಗಳಿಗೂ ನಡುವೆ ೧೫ ಡಾಲರಿನ ಕಂದಕವಿತ್ತು. ಆಸ್ಪತ್ರೆಯಲ್ಲಿ ಕುಳಿತು ರೋಗಿಗಾಗಿ ಕಾಯುವ ವೈದ್ಯ ಎಷ್ಟೇ ನಿಪುಣನಾದರೂ ಪ್ರಯೋಜನವಿಲ್ಲ, ಚಿಕಿತ್ಸೆಯೇ ರೋಗಿಯ ಬೀದಿಗೆ ಹೋಗಬೇಕು ಎಂಬ ನಿರ್ಧಾರಕ್ಕೆ ಚಿಬಂಡ ಬಂದರು.

ಹದಿನಾಲ್ಕು ಮಂದಿ ಅಜ್ಜಿಯರು

ನಿರ್ಧಾರ ಸುಲಭ, ಸಾಧನ ಕಷ್ಟ. ೨೦೦೬ರಲ್ಲಿ ಹರಾರೆಯ ಮ್ಬಾರೆ ಎಂಬ ಬಡವರ ಬಡಾವಣೆಯಲ್ಲಿ ಕೆಲಸ ಆರಂಭಿಸಲು ಹೊರಟ ಅವರಿಗೆ ಹಣ ದೊರೆಯಲಿಲ್ಲ. ದಾದಿಯರು ತಮ್ಮ ಕೆಲಸದಲ್ಲೇ ಮುಳುಗಿದ್ದುದರಿಂದ ಅವರೂ ದೊರೆಯಲಿಲ್ಲ. ಚಿಕಿತ್ಸಾಲಯದೊಳಗೆ ಒಂದು ಕೋಣೆಯೂ ಬಿಡುವಿರಲಿಲ್ಲ. ದೊರೆತವರೆಂದರೆ, ಮನೆಮನೆಗೆ ಹೋಗಿ ಆರೋಗ್ಯದ ತಿಳಿವಳಿಕೆ ನೀಡುತ್ತಿದ್ದ ೧೪ ಮಂದಿ ವಯಸ್ಸಾದ ಹೆಂಗಸರು. ಊರಿನವರು ಇಂಥವರನ್ನು 'ಅಂಬುಯ ಉಟಾನೊ', ಅಂದರೆ ಆರೋಗ್ಯದ ಅಜ್ಜಿ, ಎಂದು ಗೌರವದಿಂದ ಕರೆಯುತ್ತಿದ್ದರು.

ಕೋಣೆ ಇಲ್ಲದಿದ್ದುದರಿಂದ ಚಿಕಿತ್ಸಾಲಯದ ಅಂಗಳದಲ್ಲಿ ಒಂದು ಮರದ ಬೆಂಚನ್ನು ಹಾಕಲಾಯಿತು. ಅದಕ್ಕೆ 'ಮಾನಸಿಕ ಆರೋಗ್ಯದ ಬೆಂಚು' ಎಂಬ ಹೆಸರನ್ನು ವೈದ್ಯರು ಯೋಚಿಸಿದ್ದರು. ಆ ಹೆಸರಿಟ್ಟರೆ ಒಬ್ಬರೂ ಬಂದು ಕುಳಿತುಕೊಳ್ಳುವುದಿಲ್ಲವೆಂದು ಅಜ್ಜಿಯರು ಹೇಳಿದರು. ಹುಚ್ಚಿನ ಹೆಸರು ಹೊತ್ತ ಬೆಂಚಿನ ಮೇಲೆ ಕುಳಿತು ನಾಲ್ಕು ಜನರ ಬಾಯಿಗೆ ಬೀಳಲು ಯಾವ ಹೆಣ್ಣುಮಗಳು ತಾನೇ ಒಪ್ಪುತ್ತಾಳೆ? ಕೊನೆಗೆ ಅದಕ್ಕೆ ಶೋನ ಭಾಷೆಯಲ್ಲಿ, ಒಬ್ಬರಿಗೊಬ್ಬರು ವಿಚಾರ ಹಂಚಿಕೊಳ್ಳುವ ಬೆಂಚು ಎಂಬರ್ಥದ ಹೆಸರಾಯಿತು. ಹೊರಜಗತ್ತು ಇಂದು ಅದನ್ನು 'ಫ್ರೆಂಡ್‌ಶಿಪ್ ಬೆಂಚ್', ಸ್ನೇಹದ ಬೆಂಚು, ಎಂದು ಬಲ್ಲದು. ಚಿಕಿತ್ಸೆಯ ಮಾತಿನಲ್ಲಿಯೂ ಪಾಶ್ಚಾತ್ಯ ವೈದ್ಯಶಾಸ್ತ್ರದ ಪದಗಳು ಹಿಂದೆ ಸರಿದು, ಅಜ್ಜಿಯರಿಗೂ ಬಂದವರಿಗೂ ಪರಿಚಿತವಾದ 'ಕುಫುಂಗಿಸಿಸ'ವೇ ಮುಂದೆ ಬಂತು. ಕಲಿಸಲು ಹೋದ ವೈದ್ಯ ಕಲಿತೇ ಬಂದನೆಂದು ಇದನ್ನು ಹೇಳಬಹುದು.

ಬೆಂಚಿನ ಮೇಲೆ ನಡೆಯುವುದೇನು?

ಅಜ್ಜಿ ಮೊದಲು ೧೪ ಪ್ರಶ್ನೆಗಳನ್ನು ಕೇಳುತ್ತಾಳೆ. ಕಳೆದ ಒಂದು ವಾರದಲ್ಲಿ ನೀನು ಅತಿಯಾಗಿ ಯೋಚಿಸಿದ್ದುಂಟೆ? ನಿದ್ದೆ ಕೆಟ್ಟಿತೆ? ಸಣ್ಣ ವಿಷಯಕ್ಕೆ ಸಿಟ್ಟು ಬಂತೆ? ಅಳಬೇಕೆನ್ನಿಸಿತೆ? ಹೊಟ್ಟೆನೋವು ಬಂತೆ? ಕೆಲಸ ಹಿಂದೆ ಬಿತ್ತೆ? ಜೀವ ಕಳೆದುಕೊಳ್ಳಬೇಕೆಂಬ ಯೋಚನೆ ಸುಳಿಯಿತೆ? ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದರೆ ಸಾಕು. 'ಹೌದು'ಗಳ ಸಂಖ್ಯೆ ಹೆಚ್ಚಾದಷ್ಟೂ ಬೇಗೆ ಹೆಚ್ಚು.

ಈ ಪ್ರಶ್ನಾವಳಿಗೆ ಭಾರತದ ಸಂಬಂಧವುಂಟು. ಮುಂಬಯಿಯಲ್ಲಿ ಹುಟ್ಟಿದ ವಿಕ್ರಂ ಪಟೇಲ್ ಎಂಬ ಮನೋವೈದ್ಯರು ೧೯೯೦ರ ದಶಕದಲ್ಲಿ ಹರಾರೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಅಲ್ಲಿಯ ಸಹೋದ್ಯೋಗಿಗಳೊಡನೆ ಕೂಡಿ, ಜನರು ತಮ್ಮ ಮಾತಿನಲ್ಲಿ ಸಂಕಟವನ್ನು ಹೇಗೆ ಹೇಳಿಕೊಳ್ಳುತ್ತಾರೆಂಬುದನ್ನು ಆಲಿಸಿ ಅದನ್ನು ರೂಪಿಸಿದರು. ಅದು ೧೯೯೭ರಲ್ಲಿ ಪ್ರಕಟವಾಯಿತು.

ಮುಂದಿನದು ಮೂರು ಹಂತ. ಮೊದಲನೆಯದಕ್ಕೆ 'ಮನಸ್ಸನ್ನು ತೆರೆಯುವುದು' ಎಂದು ಹೆಸರು. ಬಂದವರು ತಮ್ಮ ಕಷ್ಟಗಳನ್ನೆಲ್ಲ ಹೇಳುತ್ತಾರೆ, ಅಜ್ಜಿ ಕೇಳುತ್ತಾಳೆ. ಬಳಿಕ ಆ ಕಷ್ಟಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವಂತೆ ಹೇಳುತ್ತಾಳೆ. ಆರಿಸುವವರು ಬಂದವರೇ ಹೊರತು ಅಜ್ಜಿಯಲ್ಲ. ಎರಡನೆಯದು 'ಮೇಲೆತ್ತುವುದು': ಆರಿಸಿಕೊಂಡ ಕಷ್ಟಕ್ಕೆ ಏನೇನು ಮಾಡಬಹುದೆಂದು ಯೋಚಿಸಿ, ಕೈಗೆಟಕುವ ಒಂದು ಉಪಾಯವನ್ನು ಗೊತ್ತುಮಾಡಿಕೊಳ್ಳುವುದು. ಮೂರನೆಯದು 'ಬಲಪಡಿಸುವುದು': ಮನೆಗೆ ಹೋಗಿ ಅದನ್ನು ಮಾಡಿ ನೋಡಿ, ಮತ್ತೆ ಬಂದು ಏನಾಯಿತೆಂದು ಹೇಳುವುದು. ಹೀಗೆ ಆರು ಸಲದವರೆಗೆ ಭೇಟಿ ನಡೆಯುತ್ತದೆ.

ದೃಷ್ಟಾಂತಕ್ಕೆ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಬಹುದು. ಗಂಡ ಮನೆಗೆ ಬರುವುದನ್ನು ಬಿಟ್ಟಿದ್ದಾನೆ, ಬಾಡಿಗೆ ಬಾಕಿಯಿದೆ, ಮಗುವಿನ ಶಾಲೆಯ ಫೀಜು ಕಟ್ಟಿಲ್ಲ, ತನಗೆ ಕಾಯಿಲೆಯಿದೆ. ಅವಳ ಮನಸ್ಸಿನಲ್ಲಿ ಇವು ನಾಲ್ಕು ಬೇರೆ ಬೇರೆ ಕಷ್ಟಗಳಾಗಿ ಉಳಿದಿಲ್ಲ. ಒಂದರೊಡನೊಂದು ಹೆಣೆದುಕೊಂಡು ಹತ್ತಲಾಗದ ಒಂದೇ ಬೆಟ್ಟವಾಗಿವೆ. ಬೆಟ್ಟದ ಬುಡದಲ್ಲಿ ಕುಳಿತವಳಿಗೆ ಏಳುವ ಮನಸ್ಸಾದರೂ ಎಲ್ಲಿಂದ ಬರಬೇಕು? ಬೆಂಚಿನ ಮೇಲೆ ಆ ಬೆಟ್ಟ ಕಲ್ಲುಗಳಾಗಿ ಒಡೆಯುತ್ತದೆ. ಅವಳು ಶಾಲೆಯ ಫೀಜು ಎಂಬ ಒಂದು ಕಲ್ಲನ್ನು ಎತ್ತಿಕೊಳ್ಳುತ್ತಾಳೆ. ಶಾಲೆಯ ಮುಖ್ಯೋಪಾಧ್ಯಾಯರನ್ನು ಸೋಮವಾರ ಕಂಡು ಕಂತಿನಲ್ಲಿ ಕಟ್ಟಲು ಅವಕಾಶ ಕೇಳುವುದೆಂದು ಗೊತ್ತುಮಾಡಿಕೊಳ್ಳುತ್ತಾಳೆ. ಗಂಡ ಹಿಂದಿರುಗಲಿಲ್ಲ, ಬಾಡಿಗೆ ತೀರಲಿಲ್ಲ. ಆದರೆ ತನ್ನಿಂದ ಆಗುವುದು ಒಂದಾದರೂ ಇದೆಯೆಂಬುದು ಅವಳಿಗೆ ಗೊತ್ತಾಯಿತು.

ಭೇಟಿಗಳು ಮುಗಿದ ಮೇಲೆ ಅಂಥವರನ್ನು ಒಂದು ಕೂಟಕ್ಕೆ ಸೇರಿಸುವುದೂ ಉಂಟು. ಹಳೆಯ ಪ್ಲಾಸ್ಟಿಕ್ಕಿನಿಂದ ಕೈಚೀಲಗಳನ್ನು ಹೆಣೆಯುತ್ತ ಅಲ್ಲಿ ಹೆಂಗಸರು ಸುಖದುಃಖ ಮಾತನಾಡಿಕೊಳ್ಳುತ್ತಾರೆ.

ಒರೆಗೆ ಹಚ್ಚಿದಾಗ

ಇಷ್ಟು ಕೇಳಿದ ವಾಚಕರಲ್ಲಿ ಕೆಲವರಿಗೆ ಸಂಶಯ ಮೂಡುವುದು ಸಹಜ. ಹತ್ತು ಜನ ಅಜ್ಜಿಯನ್ನು ಹೊಗಳಿದ ಮಾತ್ರಕ್ಕೆ ಅದು ಚಿಕಿತ್ಸೆಯಾದೀತೆ? ಕಾಲ ಕಳೆದಂತೆ ತಾವಾಗಿಯೇ ಗುಣವಾಗುವವರೂ ಇರುವುದಿಲ್ಲವೆ? ಇದೇ ಸಂಶಯ ಚಿಬಂಡ ಮತ್ತು ಅವರ ಸಂಗಡಿಗರಿಗೂ ಇದ್ದಿತು. ಆದುದರಿಂದ ಹೊಸ ಔಷಧಿಯನ್ನು ಪರೀಕ್ಷಿಸುವ ಕ್ರಮದಲ್ಲಿಯೇ ಬೆಂಚನ್ನೂ ಪರೀಕ್ಷಿಸಲಾಯಿತು.

ಹರಾರೆಯ ೨೪ ಚಿಕಿತ್ಸಾಲಯಗಳನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿದರು. ೧೪ ಪ್ರಶ್ನೆಗಳಲ್ಲಿ ೯ಕ್ಕೂ ಅದಕ್ಕಿಂತ ಹೆಚ್ಚಿಗೂ 'ಹೌದು' ಎಂದ ೫೭೩ ಮಂದಿಯನ್ನು ಆರಿಸಿದರು. ಒಂದು ಪಾಲಿನವರಿಗೆ ಬೆಂಚಿನ ಚಿಕಿತ್ಸೆ. ಇನ್ನೊಂದು ಪಾಲಿನವರನ್ನೂ ಬರಿಗೈಯಲ್ಲಿ ಕಳುಹಿಸಲಿಲ್ಲ. ದಾದಿಯರು ಅವರನ್ನು ಪರೀಕ್ಷಿಸಿ, ಧೈರ್ಯ ಹೇಳಿ, ಅಗತ್ಯವಾದರೆ ಔಷಧಿಗೂ ಮೇಲಿನ ಆಸ್ಪತ್ರೆಗೂ ಏರ್ಪಾಡು ಮಾಡಿದರು. ಆರು ತಿಂಗಳ ಮೇಲೆ ಮತ್ತೆ ಅವೇ ಪ್ರಶ್ನೆಗಳನ್ನು ಕೇಳಲಾಯಿತು. ಬೆಂಚಿಗೆ ಬಂದವರ 'ಹೌದು'ಗಳ ಸರಾಸರಿ ೪ಕ್ಕಿಂತ ಕೆಳಗಿಳಿದಿತ್ತು. ಇನ್ನೊಂದು ಪಾಲಿನವರದು ಸುಮಾರು ೯ ಇದ್ದಿತು. ಖಿನ್ನತೆಯನ್ನು ಅಳೆಯುವ ಮತ್ತೊಂದು ಮಾನದಂಡದ ಪ್ರಕಾರ, ಬೆಂಚಿಗೆ ಬಂದವರಲ್ಲಿ ೧೦೦ಕ್ಕೆ ಸುಮಾರು ೧೪ ಮಂದಿಗೆ ಖಿನ್ನತೆ ಉಳಿದಿದ್ದರೆ, ಇನ್ನೊಂದು ಪಾಲಿನಲ್ಲಿ ೧೦೦ಕ್ಕೆ ಸುಮಾರು ೫೦ ಮಂದಿಗೆ ಉಳಿದಿತ್ತು. ೨೦೧೬ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಲ್ಲಿಂದೀಚೆಗೆ ಬೆಂಚು ಮಲಾವಿ, ಜಂಜಿಬಾರ್‌ಗಳನ್ನು ದಾಟಿ ನ್ಯೂಯಾರ್ಕ್ ನಗರಕ್ಕೂ ಹೋಗಿದೆ. ೨೦೨೨ರಲ್ಲಿ ಕತಾರಿನಲ್ಲಿ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳು ನಡೆದಾಗ, ಆಡಲು ಬಂದ ೩೨ ತಂಡಗಳ ಲೆಕ್ಕದಲ್ಲಿ ೩೨ ಬೆಂಚುಗಳನ್ನು ಅಲ್ಲಿ ಇರಿಸಲಾಗಿತ್ತು.

ಮದ್ದು ಯಾವುದು?

ಅಜ್ಜಿಯರ ಕೈಯಲ್ಲಿ ಮಾತ್ರೆಯಿಲ್ಲ. ಅವರಿಗೆ ಕೊಟ್ಟ ತರಬೇತಿ ಕೆಲವೇ ದಿನಗಳದು. ಹಾಗಾದರೆ ಗುಣ ಬಂದುದು ಎಲ್ಲಿಂದ?

ಕಷ್ಟವನ್ನು ಬಿಡಿಸಿ ಒಂದೊಂದಾಗಿ ಎದುರಿಸುವ ಕ್ರಮ ಅದರಲ್ಲಿ ಒಂದು ಪಾಲು. ಮನಶ್ಶಾಸ್ತ್ರದಲ್ಲಿ ಇದಕ್ಕೆ ಸಮಸ್ಯಾ ಪರಿಹಾರ ಚಿಕಿತ್ಸೆಯೆಂದು ಹೆಸರು; ಬೆಂಚಿಗಿಂತ ಎಷ್ಟೋ ಮುಂಚೆಯೇ ಅದು ಬಳಕೆಯಲ್ಲಿದ್ದಿತು. ಎರಡನೆಯದಾಗಿ, ಅಜ್ಜಿ ಅದೇ ಬೀದಿಯವಳು, ಅದೇ ಭಾಷೆಯವಳು. ಹಸಿವನ್ನೂ ಸಾವನ್ನೂ ತಾನೇ ಕಂಡವಳು. ಅವಳ ಮುಂದೆ ಬಡತನವನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂರನೆಯದಾಗಿ, ಅವಳಿಗೆ ಅವಸರವಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು: ಅವಳು ಬುದ್ಧಿ ಹೇಳುವುದಿಲ್ಲ. ಈ ನಾಲ್ಕರಲ್ಲಿ ಯಾವುದರ ಪಾಲು ಎಷ್ಟೆಂಬುದನ್ನು ಆ ಪರೀಕ್ಷೆ ಬಿಡಿಸಿ ಅಳೆಯಲಿಲ್ಲ. ಆದರೆ ತರಬೇತಿಯಲ್ಲಿ ಅಜ್ಜಿಯರಿಗೆ ಕಷ್ಟವಾದುದು ನಾಲ್ಕನೆಯದೇ. ಕಿರಿಯರು ಕಣ್ಣೀರಿಟ್ಟರೆ ಹಿರಿಯರು ಉಪದೇಶ ಮಾಡುವುದು ಎಲ್ಲ ದೇಶಗಳಲ್ಲಿಯೂ ರೂಢಿ. ಆ ರೂಢಿಯನ್ನು ಬಿಟ್ಟು, "ಇನ್ನೂ ಹೇಳು, ಕೇಳುತ್ತಿದ್ದೇನೆ" ಎನ್ನುವುದನ್ನು ಅವರು ಕಲಿಯಬೇಕಾಯಿತು.

ಇಲ್ಲಿ ಸಂಸಾರಸ್ಥರು ಗಮನಿಸಬೇಕಾದ ಅಂಶವೊಂದುಂಟು. "ನಮ್ಮ ಮನೆಗಳಲ್ಲಿಯೂ ಅಜ್ಜಿಯರಿದ್ದಾರೆ, ಹೊಸದೇನು ಬಂತು?" ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಅಜ್ಜಿ ಇರುವುದು ಭಾಗ್ಯವೇ ಸರಿ. ಆದರೆ ಪರೀಕ್ಷೆಯಲ್ಲಿ ನಪಾಸಾದ ಮೊಮ್ಮಗ ಮಂಕಾಗಿ ಕುಳಿತಾಗ, ಅಥವಾ ಬಾಣಂತಿ ಸೊಸೆ ಕಾರಣವಿಲ್ಲದೆ ಕಣ್ಣೀರಿಟ್ಟಾಗ, ಹೆಚ್ಚಿನ ಮನೆಗಳಲ್ಲಿ ಕೇಳಿಬರುವ ಮಾತು ಯಾವುದು? "ಇದಕ್ಕೆಲ್ಲ ಅಳುತ್ತಾರೆಯೆ? ನಮ್ಮ ಕಾಲದಲ್ಲಿ ನಾವು ಪಟ್ಟ ಕಷ್ಟ ನಿಮಗೇನು ಗೊತ್ತು?" ಎಂದೋ, "ಪಕ್ಕದ ಮನೆಯವರ ಮಗನನ್ನು ನೋಡು" ಎಂದೋ ಅಲ್ಲವೆ? ಹೇಳಿದವರ ಉದ್ದೇಶ ಒಳ್ಳೆಯದೇ. ಆದರೆ ಕೇಳಿದವರು ಮರುದಿನದಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಹರಾರೆಯ ಬೆಂಚು ಮನೆಯ ಹೊರಗಿರುವುದಕ್ಕೂ ಅರ್ಥವಿದೆ. ಅತ್ತೆಯ ಮೇಲಿನ ದೂರನ್ನು ಅತ್ತೆಯ ಎದುರಿಗೇ ಹೇಳಲು ಬರುವುದಿಲ್ಲ. ಬೆಂಚಿನ ಮೇಲೆ ಆಡಿದ ಮಾತು ಬೆಂಚಿನಲ್ಲೇ ಉಳಿಯುತ್ತದೆಂಬ ಭರವಸೆ ಬಂದವರಿಗೆ ಬೇಕು.

ಗೋವೆಯಲ್ಲಿ, ಬಳ್ಳಾರಿಯಲ್ಲಿ

ಹರಾರೆಯಿಂದ ಹಿಂದಿರುಗಿದ ವಿಕ್ರಂ ಪಟೇಲರು ಸಂಗಡಿಗರೊಡನೆ ಕೂಡಿ ೧೯೯೬ರಲ್ಲಿ ಗೋವೆಯಲ್ಲಿ 'ಸಂಗಾತ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಯೂ ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ ತೀವ್ರ ಖಿನ್ನತೆಯ ೪೯೫ ಮಂದಿಯ ಮೇಲೆ ಪ್ರಯೋಗ ನಡೆಸಿದರು. ಇಲ್ಲಿಯ ಕ್ರಮ ಸ್ವಲ್ಪ ಬೇರೆ. ಖಿನ್ನನಾದವನು ಬೇಸರದಿಂದ ಮೂಲೆ ಹಿಡಿಯುತ್ತಾನೆ, ಮೂಲೆ ಹಿಡಿದುದರಿಂದ ಬೇಸರ ಹೆಚ್ಚುತ್ತದೆ. ಈ ಚಕ್ರವನ್ನು ಮುರಿಯಲು, ಮನಸ್ಸು ಬರಲಿ ಬಾರದಿರಲಿ, ಹಿಂದೆ ಸಂತೋಷ ಕೊಡುತ್ತಿದ್ದ ಸಣ್ಣ ಪುಟ್ಟ ಕೆಲಸಗಳನ್ನು ಮತ್ತೆ ಹಿಡಿಯುವಂತೆ ಮಾಡುವುದು. ಆರರಿಂದ ಎಂಟು ಭೇಟಿಗಳಲ್ಲಿ ಇದು ಮುಗಿಯುತ್ತದೆ. ಮೂರು ತಿಂಗಳ ಮೇಲೆ ನೋಡಿದಾಗ, ಈ ಚಿಕಿತ್ಸೆ ಪಡೆದವರಲ್ಲಿ ೧೦೦ಕ್ಕೆ ೬೪ ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಪಡೆಯದವರಲ್ಲಿ ೧೦೦ಕ್ಕೆ ೩೯ ಮಂದಿ.

ಕನ್ನಡ ನಾಡಿಗೂ ಈ ದಾರಿ ಹೊಸದಲ್ಲ. ಮನೋರೋಗದ ಚಿಕಿತ್ಸೆ ದೊಡ್ಡ ಆಸ್ಪತ್ರೆಯ ಗೋಡೆಯೊಳಗೇ ಉಳಿಯಬಾರದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟು ಪ್ರಯೋಗ ನಡೆಸಿದರು. ೧೯೯೬ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ತಳಹದಿ. ಆದರೂ ಕೊರತೆ ತುಂಬಿಲ್ಲ. ನಿಮ್ಹಾನ್ಸ್ ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಖಿನ್ನತೆ ಮೊದಲಾದ ಸಾಮಾನ್ಯ ಮನೋವ್ಯಾಧಿಗಳಿರುವವರಲ್ಲಿ ೧೦೦ಕ್ಕೆ ಸುಮಾರು ೮೫ ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಎಲ್ಲಕ್ಕೂ ಬೆಂಚು ಸಾಲದು

ಹಾಗೆಂದು ಬೆಂಚನ್ನು ಸರ್ವರೋಗಕ್ಕೂ ಸಂಜೀವಿನಿಯೆಂದು ತಿಳಿಯಬಾರದು. ಹರಾರೆಯ ಪರೀಕ್ಷೆಯಲ್ಲಿ ಭಾಗವಹಿಸಿದವರಲ್ಲಿ ಹೆಂಗಸರೇ ಬಹುಮಂದಿ. ಗಂಡಸರು ತಮ್ಮ ಸಂಕಟವನ್ನು ಹೇಳಿಕೊಳ್ಳಲು ಅಷ್ಟು ಸುಲಭವಾಗಿ ಬಂದು ಕುಳಿತುಕೊಳ್ಳಲಿಲ್ಲ. ಚಿತ್ತವಿಭ್ರಮೆಯಿಂದ ನರಳುವವರನ್ನೂ, ಜೀವ ಕಳೆದುಕೊಳ್ಳುವ ನಿಶ್ಚಯದಲ್ಲಿದ್ದವರನ್ನೂ ಆ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ಅಂಥವರು ಎದುರಾದರೆ ಅಜ್ಜಿಯರು ತಾವೇ ವೈದ್ಯರಾಗಲು ಹೋಗುವುದಿಲ್ಲ. ಮೇಲಿನವರಿಗೆ ತಿಳಿಸಿ ಆಸ್ಪತ್ರೆಗೆ ದಾರಿ ಮಾಡಿಕೊಡುತ್ತಾರೆ. ತನ್ನ ಕೈಮೀರಿದ್ದು ಯಾವುದೆಂಬುದನ್ನು ಅರಿಯುವುದೂ ಆ ತರಬೇತಿಯ ಒಂದು ಭಾಗ.

ಮನೆಯವರಿಗೂ ಈ ವಿವೇಕ ಬೇಕು. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಕೆಲಸಗಳಲ್ಲಿ ಮನಸ್ಸಿಲ್ಲದೆ ಕುಗ್ಗಿದವರನ್ನು ವೈದ್ಯರಿಗೆ ತೋರಿಸಲು ನಾಚಬೇಕಾಗಿಲ್ಲ. ಬದುಕು ಬೇಡವೆನಿಸಿದೆಯೆಂದು ಯಾರಾದರೂ ಅಂದರೆ ಅದನ್ನು ಹಗುರವಾಗಿ ತಳ್ಳಿಹಾಕಕೂಡದು. "ಅಂಥ ಯೋಚನೆ ಬರುತ್ತಿದೆಯೆ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದೆಂಬ ಭಯ ಅನೇಕರಲ್ಲಿದೆ, ಆ ಭಯಕ್ಕೆ ಆಧಾರವಿಲ್ಲವೆಂದು ತಜ್ಞರು ಹೇಳುತ್ತಾರೆ. ಅಂಥ ವೇಳೆಯಲ್ಲಿ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಭಾರತ ಸರ್ಕಾರವು ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ 'ಟೆಲಿ-ಮಾನಸ್' ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಫೋನು ಮಾಡಿ ಮಾತನಾಡಬಹುದು; ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ, ಖರ್ಚೇನೂ ಇಲ್ಲ.

ಇನ್ನುಳಿದ ಸಾಮಾನ್ಯ ದಿನಗಳಿಗೆ ಹರಾರೆಯ ಅಜ್ಜಿಯರ ಪಾಠವೇ ಸಾಕು. ಮಗನೋ, ಮಗಳೋ, ಹೆಂಡತಿಯೋ, ಗಂಡನೋ ಸಂಜೆಯ ಹೊತ್ತು ಬಂದು ಪಕ್ಕದಲ್ಲಿ ಸುಮ್ಮನೆ ಕುಳಿತರೆ, ರೇಡಿಯೋ, ಟೆಲಿವಿಷನ್, ಮೊಬೈಲುಗಳನ್ನು ಬದಿಗಿಟ್ಟು ಅವರ ಕಡೆಗೆ ತಿರುಗಿ ಕುಳಿತುಕೊಳ್ಳಬೇಕು. ಅವರು ಹೇಳಿದುದನ್ನು ಪೂರ್ತಿಯಾಗಿ ಕೇಳಬೇಕು. ಕೇಳಿ ಮುಗಿದ ಮೇಲೆ ಬುದ್ಧಿವಾದ ನಾಲಗೆಯ ತುದಿಗೆ ಬಂದರೆ ಅದನ್ನು ನುಂಗಿಕೊಂಡು, "ಇವುಗಳಲ್ಲಿ ಮೊದಲು ಯಾವುದನ್ನು ನೋಡೋಣ?" ಎಂದು ಕೇಳಬೇಕು. ಉತ್ತರಕ್ಕೆ ಸ್ವಲ್ಪ ಕಾಯಬೇಕಾಗಬಹುದು, ಕಾದರೆ ಬಂದೀತು.